ಸುದ್ದಿಯ ರೂಪಕಗಳು ಅಭಿಪ್ರಾಯ ಬದಲಿಸುತ್ತವೆಯೇ?

ಪ್ರಶ್ನೆ: ‘ವಲಸಿಗರ ಪ್ರವಾಹ’, ‘ಬೆಲೆಯೇರಿಕೆ ವಿರುದ್ಧ ಸಮರ’... ಇಂಥ ಮಾತುಗಳು ಓದುಗರ ರಾಜಕೀಯ ನಿಲುವನ್ನು ನಿಜಕ್ಕೂ ತಿರುಗಿಸುತ್ತವೆಯೇ? ಅಳೆಯುವುದು ಹೇಗೆ?

ಉತ್ತರ 1: ಅಳೆದಿದ್ದಾರೆ. 2011ರಲ್ಲಿ ತಿಬೊಡೊ ಮತ್ತು ಬೊರೊಡಿಟ್ಸ್ಕಿ ಎಂಬ ಮನೋವಿಜ್ಞಾನಿಗಳು ಒಂದು ಕಾಲ್ಪನಿಕ ಊರಿನ ಅಪರಾಧ ವರದಿಯನ್ನು ಎರಡು ಬಗೆಯಲ್ಲಿ ಓದಿಸಿದರು. ಅಂಕಿಅಂಶ ಒಂದೇ, ಒಂದರಲ್ಲಿ ಅಪರಾಧ ಬೇಟೆಯಾಡುವ ಮೃಗ, ಇನ್ನೊಂದರಲ್ಲಿ ಹರಡುವ ವೈರಸ್. ಮೃಗ ಎಂದು ಓದಿದವರು ಪೊಲೀಸು, ಜೈಲಿನ ಕಡೆ ಹೆಚ್ಚು ವಾಲಿದರು. ವೈರಸ್ ಗುಂಪಿನಲ್ಲಿ ಮೂಲ ಕಾರಣ ಹುಡುಕಿ ಸುಧಾರಿಸಿ ಎಂದವರು ಹೆಚ್ಚು. ತಮಾಷೆಯೆಂದರೆ, ಹಾಗೇಕೆ ಅನ್ನಿಸಿತು ಎಂದು ಕೇಳಿದಾಗ ಬಹುತೇಕರು ಬೆರಳು ತೋರಿಸಿದ್ದು ಅಂಕಿಅಂಶದತ್ತ! ರೂಪಕವನ್ನು ವರದಿಯ ಕೊನೆಗೆ ತಳ್ಳಿದಾಗ ಪರಿಣಾಮ ಕಾಣಲಿಲ್ಲ.

ಉತ್ತರ 2: ಅಷ್ಟು ಬೇಗ ಒಪ್ಪಬೇಡಿ. 2014ರಲ್ಲಿ ಭಾಷಾ ಸಂಶೋಧಕ ಸ್ಟೇನ್ ಮತ್ತು ಸಂಗಡಿಗರು ರೂಪಕವಿಲ್ಲದ ಪ್ರತಿಯನ್ನೂ ಸೇರಿಸಿ ಮರುಪರೀಕ್ಷಿಸಿದಾಗ ಆ ಪರಿಣಾಮ ಸಿಗಲಿಲ್ಲ. ತಟಸ್ಥ ಪ್ರತಿ ಇಲ್ಲದಿದ್ದರೆ ಯಾವ ರೂಪಕ ಎತ್ತ ಎಳೆಯಿತೆಂದೇ ತಿಳಿಯದು.

ಉತ್ತರ 3: ಪ್ರವಾಹ ಎಂದ ಕೂಡಲೇ ಮನಸ್ಸು ಒಡ್ಡು ಕಟ್ಟಲು ಹೊರಡುತ್ತದೆ, ಮನುಷ್ಯರು ನೀರಾಗಿಬಿಡುತ್ತಾರೆ. ಶೀರ್ಷಿಕೆಯ ರೂಪಕ ತೆಗೆದು ಅಲ್ಲಿ ಯಾರು, ಎಷ್ಟು ಮಂದಿ, ಎಷ್ಟು ಅವಧಿಯಲ್ಲಿ ಎಂದು ತುಂಬಿ ನೋಡಿ. ‘ಬೆಲೆ ಕುಸಿತ’ದಂಥ, ಬಳಸಿ ಬಳಸಿ ರೂಪಕವೆಂದೇ ಅನ್ನಿಸದಷ್ಟು ಸವೆದ ಪದಗಳು ಹಾಗೇ ಇರಲಿ, ಅವನ್ನೂ ಕಿತ್ತರೆ ವಾಕ್ಯವೇ ಉಳಿಯದು.