ಜನವರಿಯಲ್ಲಿ ನಿಸೆಕೊಗೆ ಸ್ಕೀಯಿಂಗ್: ಹಿಮವನ್ನೇ ನೋಡದವರು ಹೋಗಬಹುದಾ?

ಬಸವನಗುಡಿ_ಬೈಟು:
ನಾನು, ಹೆಂಡತಿ, 11 ವರ್ಷದ ಮಗಳು. ಜನವರಿ ಕೊನೆಯಲ್ಲಿ 8 ದಿನ ರಜೆ ಇದೆ. ಜಪಾನಿನ ನಿಸೆಕೊಗೇ ಹೋಗಬೇಕು ಅಂತ ಮಗಳ ಹಟ. ನಮ್ಮ ಮೂವರಿಗೂ ಹಿಮದ ಅನುಭವ ಅಂದರೆ ಫ್ರೀಜರ್ ಕೆರೆದಿದ್ದು ಅಷ್ಟೇ. 15 ಡಿಗ್ರಿಗೆ ಇಳಿದರೆ ಮಂಕಿಕ್ಯಾಪ್ ಹಾಕಿಕೊಂಡು ಗಾಂಧಿಬಜಾರಿಗೆ ಹೋಗುವ ಜನ ನಾವು. ಅಲ್ಲಿಯ ಪೌಡರ್ ಸ್ನೋ ಹತ್ತಿಯ ಹಾಗಿರುತ್ತಂತೆ. ಬಿದ್ದರೂ ಪೆಟ್ಟಾಗಲ್ಲ, ಹೊಸಬರಿಗೆ ಒಳ್ಳೆಯದೇ ಅಲ್ವಾ? ಇನ್ನೊಂದು ವಿಷಯ, ನಾವು ಮೊಟ್ಟೆಯನ್ನೂ ತಿನ್ನಲ್ಲ.

ಹೆಗಲುದ್ದ_ಹಿಮ:
ಎರಡು ಸಲ ಹೋಗಿ ಬಂದಿದ್ದೇನೆ. ಪೌಡರಲ್ಲಿ ಬೀಳೋದು ಸುಖ, ಏಳೋದು ಕಷ್ಟ. ಮೊದಲ ಸಲ ಮೂರನೇ ದಿನವೇ ಜಂಬ ಬಂದು, ಯಂತ್ರ ಓಡಿಸಿ ಗಟ್ಟಿ ಮಾಡಿದ ದಾರಿಯ ಅಂಚು ಬಿಟ್ಟು ಪಕ್ಕದ ಹೊಸ ಹಿಮಕ್ಕೆ ಇಳಿದೆ. ದಪ್ ಅಂತ ಬಿದ್ದೆ. ಏಳೋಣ ಅಂತ ಕೈ ಊರಿದರೆ ಕೈ ಹೆಗಲವರೆಗೂ ಒಳಗೆ ಹೋಯಿತು, ತಳವೇ ಸಿಗಲಿಲ್ಲ. ಒಂದು ಸ್ಕೀ ಕಳಚಿ ಮಾಯ. ನಾನು ಬಿದ್ದ ಜಾಗದ ಕೆಳಗೆಲ್ಲ ಕೆದಕುತ್ತಾ ಮುಕ್ಕಾಲು ಗಂಟೆ ಕಳೆದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ ನಿಂತು, ಮಾತೇ ಆಡದೆ, ಕೋಲಿನಿಂದ ಮೇಲುಗಡೆ ಚುಚ್ಚುತ್ತಾ ಎರಡೇ ನಿಮಿಷದಲ್ಲಿ ಹುಡುಕಿ ಕೊಟ್ಟರು. ಸ್ಕೀ ಕಳಚಿದ ಕಡೆಯೇ ಹೂತಿರುತ್ತೆ, ನಾವು ಮಾತ್ರ ಜಾರಿ ಕೆಳಗೆ ಬಂದಿರುತ್ತೇವೆ. ಇನ್ನು ಏಳೋಕೆ ಎರಡೂ ಕೋಲನ್ನು ಹಿಮದ ಮೇಲೆ ಅಡ್ಡಡ್ಡ ಇಟ್ಟು, ಅವು ಸೇರುವ ಜಾಗದಲ್ಲಿ ಕೈ ಊರಬೇಕು. ಅದನ್ನೂ ಅಜ್ಜನೇ ಮಾಡಿ ತೋರಿಸಿದರು.

ಅಲ್ಲಿ ಹಿಮ ಯಾಕೆ ಅಷ್ಟು ಹಗುರ ಅಂದರೆ, ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬಂದು, ನಿಸೆಕೊ ಇರುವ ಹೊಕ್ಕೈಡೊ ದ್ವೀಪದ ಬೆಟ್ಟಗಳಿಗೆ ಬಡಿಯುತ್ತೆ. ನಮ್ಮ ಆಗುಂಬೆ ಮಳೆ ಇದ್ದ ಹಾಗೆ, ಆದರೆ ಸುರಿಯೋದು ಹಿಮ. ಜನವರಿಯಲ್ಲಿ ಬಿಡುವೇ ಇರಲ್ಲ. ಎದುರಿಗಿರುವ 1,898 ಮೀಟರಿನ ಯೋಟೈ ಪರ್ವತ ನನಗೆ ಆರು ದಿನದಲ್ಲಿ ಕಂಡಿದ್ದು ಒಂದೇ ಬೆಳಿಗ್ಗೆ. ಫೋಟೋ ಆಸೆ ಇಟ್ಟುಕೊಳ್ಳಬೇಡಿ.

ಹಾಗಂತ ಹೋಗಬೇಡಿ ಅಂತಲ್ಲ. ಇಂಗ್ಲಿಷಿನಲ್ಲಿ ಕಲಿಸುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲ ಮೂರು ದಿನ ಪಾಠಕ್ಕೇ ಇಡಿ. ಆ ಮೂರು ದಿನ ನಿಸೆಕೊದ ನಾಲ್ಕು ಸ್ಕೀ ರಿಸಾರ್ಟುಗಳಿಗೂ ಸೇರಿದ ಲಿಫ್ಟ್ (ಗುಡ್ಡ ಹತ್ತಿಸುವ ತೂಗುಕುರ್ಚಿ) ಪಾಸ್ ಸುಮ್ನೆ ದಂಡ. ದಿನಕ್ಕೆ 10,000 ಯೆನ್ ದಾಟುತ್ತೆ, ನೀವು ಓಡಾಡೋದು ಒಂದೇ ಗುಡ್ಡದ ಬುಡದಲ್ಲಿ. ಹಗ್ಗ ಕಟ್ಟಿದ ಕಡೆ ಯಾವ ಕಾರಣಕ್ಕೂ ನುಗ್ಗಬೇಡಿ. ಮರದ ಬುಡದಲ್ಲಿ ಹಿಮ ಮುಚ್ಚಿದ ಟೊಳ್ಳು ಇರುತ್ತೆ. ತಲೆಕೆಳಗಾಗಿ ಬಿದ್ದರೆ ಉಸಿರು ಕಟ್ಟಿ ಸಾಯುವ ಅಪಾಯ ಇದೆ. ಇನ್ಶೂರೆನ್ಸಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಸಣ್ಣಕ್ಷರ ಓದಿ ನೋಡಿ.

ಮಲ್ಲೇಶ್ವರದ_ಮೈನಸ್:
ನನ್ನ ಕೇಳಿದರೆ ಮೊದಲು ಗುಲ್ಮಾರ್ಗ್. ಅಲ್ಲೂ ಒಳ್ಳೆ ಪೌಡರ್ ಇದೆ, ವೀಸಾ ಬೇಡ, ಊಟದ ತಲೆನೋವೂ ಇಲ್ಲ. ಮಗಳಿಗೆ ಹಿಡಿಸಿದರೆ ಆಮೇಲೆ ಜಪಾನ್.

ಹೆಗಲುದ್ದ_ಹಿಮ:
ಮಾತು ಸರಿ. ಆದರೆ ಇವರ ಮಗಳಿಗೆ ಬೇಕಾಗಿರೋದು ಜಪಾನ್, ಸ್ಕೀ ಬರೀ ನೆಪ ಅಂತ ನನ್ನ ಗುಮಾನಿ!

ಪುಳಿಯೋಗರೆ_ಪಯಣ:
ಊಟದ ವಿಷಯ ನಾನು ಹೇಳ್ತೀನಿ. ತರಕಾರಿ ಸೂಪು, ಉಡೊನ್ (ದಪ್ಪ ನೂಡಲ್ಸ್) ಅಂತ ಮೋಸ ಹೋಗಬೇಡಿ, ಸಾರಿನಲ್ಲೇ ದಾಶಿ, ಅಂದರೆ ಮೀನಿನ ಚೂರಿನಿಂದ ತೆಗೆದ ರಸ, ಇರುತ್ತೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ಹಿಡಿಯಿರಿ. ಅಕ್ಕಿ, ತರಕಾರಿ, ಮೊಸರು ಅಲ್ಲೇ ಸಿಗುತ್ತೆ. ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇಲ್ಲಿಂದ ಒಯ್ದಿರಿ. ಹಸಿ ಕರಿಬೇವು, ಹಣ್ಣು ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲೇ ಹಿಡೀತಾರೆ. ನಮ್ಮ ಏಜೆಂಟ್ ಮಹಾಶಯ 'ಲಿಫ್ಟ್ ಪಕ್ಕದಲ್ಲೇ ರೂಮು' ಅಂತ ಹೇಳಿ ಅರ್ಧ ಕಿಲೋಮೀಟರ್ ಏರಿನಲ್ಲಿ ಕೊಡಿಸಿದ್ದ. ಸ್ಕೀ ಬೂಟ್ ಹಾಕಿಕೊಂಡು ಆ ದಾರಿ ನಡೆದವರಿಗೇ ಗೊತ್ತು. ನೀವೇ ನಕ್ಷೆ ನೋಡಿ ಬುಕ್ ಮಾಡಿ.

ಬಸವನಗುಡಿ_ಬೈಟು:
ಎಲ್ಲರಿಗೂ ಥ್ಯಾಂಕ್ಸ್. ಗುಲ್ಮಾರ್ಗ್ ಅಂದಿದ್ದಕ್ಕೆ ಮಗಳು ಮುಖ ಊದಿಸಿಕೊಂಡಿದ್ದಾಳೆ, ಗುಮಾನಿ ನಿಜ. ಬೆಂಗಳೂರಿಂದ ಟೋಕಿಯೋದ ನರಿಟಾ ನಿಲ್ದಾಣಕ್ಕೆ ನೇರ ವಿಮಾನ ಇದೆ. ಅಲ್ಲಿಂದ ಮುಂದೆ? ಬಟ್ಟೆ ಎಲ್ಲ ಇಲ್ಲೇ ಕೊಳ್ಳಬೇಕಾ?

ಹೆಗಲುದ್ದ_ಹಿಮ:
ನರಿಟಾದಿಂದಲೇ ಹೊಕ್ಕೈಡೊದ ನ್ಯೂ ಚಿಟೋಸೆ ನಿಲ್ದಾಣಕ್ಕೆ ಹೊರಡುವ ವಿಮಾನ ನೋಡಿ. ಟೋಕಿಯೋದ ಇನ್ನೊಂದು ನಿಲ್ದಾಣ ಹನೇಡಾದಿಂದ ಜಾಸ್ತಿ ಇವೆ ನಿಜ, ಆದರೆ ಅದು ಊರಿನ ಆ ಕಡೆ. ಮಗು, ಲಗೇಜ್ ಸಮೇತ ಊರು ದಾಟೋದು ಬೇಡ. ಚಿಟೋಸೆಯಿಂದ ನಿಸೆಕೊಗೆ ಬಸ್ಸಲ್ಲಿ ಎರಡೂವರೆ, ಮೂರು ಗಂಟೆ. ಹಿಮಗಾಳಿ ಎದ್ದರೆ ವಿಮಾನ ರದ್ದಾಗುತ್ತೆ, ವಾಪಸ್ ಬರುವಾಗ ಟೋಕಿಯೋದಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಜಾಕೆಟ್, ಪ್ಯಾಂಟ್, ಬೂಟ್, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ಇಲ್ಲಿಂದ ತಗೊಳ್ಳಬೇಕಾದ್ದು ಥರ್ಮಲ್, ಕೈಗವಸು, ಗಾಗಲ್ಸ್, ಕಾಲುಚೀಲ. ಹತ್ತಿಯದ್ದು ಬೇಡ, ಒದ್ದೆಯಾದರೆ ಒಣಗಲ್ಲ. ಹಾಂ, ಚಳಿ ಅಂತ ಎರಡೆರಡು ಜೊತೆ ಕಾಲುಚೀಲ ಏರಿಸಬೇಡಿ. ಬೂಟು ಬಿಗಿಯಾಗಿ ರಕ್ತ ಓಡಲ್ಲ, ಬೆರಳು ಇನ್ನೂ ಮರಗಟ್ಟುತ್ತೆ. ಉಣ್ಣೆಯದ್ದು, ಉದ್ದದ್ದು, ಒಂದೇ ಜೊತೆ.