7-ಜಿಪ್‌ನ ಮೆನು, ವಿಂಡೋ ಅನುಕೂಲಗಳು: ಯಾವುದು ಈಗಲೇ ಇದೆ, ಯಾವುದನ್ನು ಕೇಳಬೇಕು?

ಪ್ರಶ್ನೆ

ವಿಂಡೋಸ್ 11, 64-ಬಿಟ್ 7-ಜಿಪ್ (ಫೈಲ್‌ಗಳನ್ನು ಕುಗ್ಗಿಸಿ ಕಟ್ಟುವ, ಬಿಚ್ಚುವ ಪ್ರೋಗ್ರಾಂ). ಡೆವಲಪರ್‌ಗೆ ಕೋರಿಕೆ ಕಳಿಸುವ ಮೊದಲು ಇಲ್ಲಿ ಕೇಳುತ್ತಿದ್ದೇನೆ. ರೈಟ್ ಕ್ಲಿಕ್ ಮಾಡಿದರೆ 7-ಜಿಪ್ ಮೊದಲ ಮೆನುವಿನಲ್ಲೇ ಕಾಣಬೇಕು, ‘ಶೋ ಮೋರ್ ಆಪ್ಷನ್ಸ್’ ಒಳಗೆ ಹುಡುಕುವ ಹಾಗಿರಬಾರದು. ಆ ಮೆನುವಿನಲ್ಲಿ ಕುಗ್ಗಿಸಿ ಇಮೇಲ್ ಮಾಡುವ ಸಾಲುಗಳು ಬೇಡವೇ ಬೇಡ. ‘ಫೋಟೊ’ ಎಂಬ ಜಿಪ್ ಬಿಚ್ಚಿದರೆ ‘ಫೋಟೊ’ ಒಳಗೆ ಇನ್ನೊಂದು ‘ಫೋಟೊ’ ಫೋಲ್ಡರ್ ಬರಬಾರದು. 7-ಜಿಪ್ ವಿಂಡೋದಲ್ಲಿ ಕಾಲಂ ಅಗಲ ಒಮ್ಮೆ ಸರಿಮಾಡಿದರೆ ಹಾಗೇ ಉಳಿಯಬೇಕು. ಬಿಚ್ಚಿ ಮುಗಿದ ಕೂಡಲೇ ಆ ಫೋಲ್ಡರ್ ತಾನಾಗಿ ತೆರೆದುಕೊಳ್ಳಬೇಕು. ಇದರಲ್ಲಿ ಯಾವುದಾದರೂ ಈಗಾಗಲೇ ಇದೆಯೇ?

ಉತ್ತರ 1

ಎರಡು ಖಂಡಿತ ಇವೆ. 7-ಜಿಪ್ ಫೈಲ್ ಮ್ಯಾನೇಜರ್ ತೆರೆದು ಟೂಲ್ಸ್ → ಆಪ್ಷನ್ಸ್ → ‘7-ಜಿಪ್’ ಟ್ಯಾಬ್‌ಗೆ ಹೋಗಿ. ಕೆಳಗಿನ ಪಟ್ಟಿಯಲ್ಲಿ ಮೆನುವಿನ ಪ್ರತಿ ಸಾಲಿಗೂ ಒಂದೊಂದು ಟಿಕ್ ಇದೆ. ಇಮೇಲ್ ಇರುವುದನ್ನೆಲ್ಲ ತೆಗೆಯಿರಿ. ದಿನನಿತ್ಯದ ಕೆಲಸಕ್ಕೆ ‘ಓಪನ್ ಆರ್ಕೈವ್’, ‘ಎಕ್ಸ್‌ಟ್ರಾಕ್ಟ್ ಟು’, ‘ಆ್ಯಡ್ ಟು ಆರ್ಕೈವ್’ ಮೂರೇ ಸಾಕು. ಅಷ್ಟಕ್ಕೆ ಇಳಿಸಿದ ಮೇಲೆ ‘ಕ್ಯಾಸ್ಕೇಡೆಡ್ ಕಾಂಟೆಕ್ಸ್ಟ್ ಮೆನು’ ಟಿಕ್ಕನ್ನೂ ತೆಗೆದರೆ ಒಳಮೆನು ಹೋಗಿ ಮೂರೂ ನೇರವಾಗಿ ಕಾಣುತ್ತವೆ, ಪ್ರತಿ ಸಲ ಒಂದು ಹೆಜ್ಜೆ ಉಳಿಯುತ್ತದೆ.

ಅದೇ ಟ್ಯಾಬ್‌ನಲ್ಲಿ ‘ಎಲಿಮಿನೇಟ್ ಡೂಪ್ಲಿಕೇಷನ್ ಆಫ್ ರೂಟ್ ಫೋಲ್ಡರ್’ ಇದೆ. ಟಿಕ್ ಹಾಕಿ ‘ಎಕ್ಸ್‌ಟ್ರಾಕ್ಟ್ ಟು’ ಒತ್ತಿದರೆ ಫೋಲ್ಡರ್ ಒಳಗೆ ಅದೇ ಹೆಸರಿನ ಫೋಲ್ಡರ್ ಬರುವುದು ನಿಲ್ಲುತ್ತದೆ. ಆದರೆ ಒಳಗಿನ ಫೋಲ್ಡರಿನ ಹೆಸರು ಆರ್ಕೈವ್ (ಜಿಪ್‌ನಂಥ ಕಟ್ಟು) ಹೆಸರಿಗೆ ಸರಿಯಾಗಿ ಹೊಂದಿರಬೇಕು. ಡೌನ್‌ಲೋಡ್ ಆಗುವಾಗ ಬ್ರೌಸರ್ ‘ಫೋಟೊ (1)’ ಎಂದು ಹೆಸರು ಬದಲಿಸಿದ್ದರೆ ಎರಡು ಪದರ ಬಂದೇ ಬರುತ್ತದೆ. ಟಿಕ್ ಕೆಲಸ ಮಾಡುತ್ತಿಲ್ಲ ಅನ್ನಿಸುವುದು ಹೆಚ್ಚಾಗಿ ಇಲ್ಲೇ.

ಉತ್ತರ 2

ಕಾಲಂ ಅಗಲವೂ ಉಳಿಯುತ್ತದೆ, ಆದರೆ ಒಂದೊಂದು ಬಗೆಗೆ ಬೇರೆಬೇರೆಯಾಗಿ. ಸಾಮಾನ್ಯ ಫೋಲ್ಡರ್‌ಗೆ ಒಂದು, ಜಿಪ್ ಒಳಗೆ ಒಂದು, 7ಜೆಡ್ (7-ಜಿಪ್‌ನದೇ ಬಗೆಯ ಆರ್ಕೈವ್) ಒಳಗೆ ಇನ್ನೊಂದು. ಜಿಪ್‌ನಲ್ಲಿ ಅಗಲ ಮಾಡಿದ ಹೆಸರಿನ ಕಾಲಂ 7ಜೆಡ್ ತೆರೆದಾಗ ಹಳೆಯ ಅಳತೆಯಲ್ಲೇ ಇರುವುದು ಇದಕ್ಕೇ. ಬಳಸುವ ಪ್ರತಿ ಬಗೆಯ ಒಂದೊಂದು ಆರ್ಕೈವ್ ತೆರೆದು ಸರಿಮಾಡಿಕೊಳ್ಳಿ. ಬೇಡದ ಕಾಲಂ ತೆಗೆಯಲು ತಲೆಸಾಲಿನ ಮೇಲೆ ರೈಟ್ ಕ್ಲಿಕ್. ‘ಎಲ್ಲ ಬಗೆಗೂ ಒಂದೇ ಕಾಲಂ ವ್ಯವಸ್ಥೆ’ ಎಂಬ ಆಯ್ಕೆ ಇಲ್ಲ. ಇದು ನಿಜಕ್ಕೂ ಕೇಳತಕ್ಕ ಕೋರಿಕೆ.

ಎಫ್9 ಒತ್ತಿದರೆ ಎರಡು ಪ್ಯಾನೆಲ್ ಬರುತ್ತವೆ: ಒಂದರಲ್ಲಿ ಆರ್ಕೈವ್, ಇನ್ನೊಂದರಲ್ಲಿ ತಲುಪಬೇಕಾದ ಫೋಲ್ಡರ್. ಎಫ್5 ಒತ್ತಿ ಆಚೆಗೆ ನಕಲಿಸಿ. ಹೋಗಬೇಕಾದ ಫೋಲ್ಡರ್ ಎದುರಿಗೇ ತೆರೆದಿರುವುದರಿಂದ ನಿಮ್ಮ ಕೊನೆಯ ಬೇಡಿಕೆ ಅರ್ಧ ತೀರುತ್ತದೆ.

ಉತ್ತರ 3

ಮೊದಲ ಮೆನುವಿನ ವಿಷಯ: ವಿಂಡೋಸ್ 11ರ ಹೊಸ ಮೆನುವಿಗೆ ಬರಲು ಪ್ರೋಗ್ರಾಂಗೆ ಪ್ಯಾಕೇಜ್ ಗುರುತು (ವಿಂಡೋಸ್ ಆ್ಯಪ್ ಪ್ಯಾಕೇಜಿನಿಂದ ಸಿಗುವ ಗುರುತು) ಇರಬೇಕು, ಮೆನುವಿಗೆ ಸಾಲು ಸೇರಿಸುವ ಹಳೆಯ ಬಗೆಯ ಡಿಎಲ್ಎಲ್ ಫೈಲ್ ಸಾಲದು. ಹಾಗಾಗಿ ಇದು ಒಂದು ಟಿಕ್ ಸೇರಿಸಿ ಮುಗಿಸುವ ಕೆಲಸವಲ್ಲ. ಸದ್ಯಕ್ಕೆ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ಪೂರ್ತಿ ಮೆನು ನೇರವಾಗಿ ಬರುತ್ತದೆ. ಅದೂ ಬೇಡವೆಂದರೆ 7-ಜಿಪ್‌ನಿಂದಲೇ ಕವಲೊಡೆದ ನಾನಾಜಿಪ್ ಹಾಕಿ ನೋಡಿ, ಅದು ಹೊಸ ಮೆನುವಿನಲ್ಲೇ ಕಾಣುತ್ತದೆ.

ಬಿಚ್ಚಿದ ಮೇಲೆ ಫೋಲ್ಡರ್ ತೆರೆಯುವ ಆಯ್ಕೆ ಇದೇ ಬಗೆಯ ಇನ್ನೊಂದು ಪ್ರೋಗ್ರಾಂ ವಿನ್‌ರಾರ್‌ನ ಎಕ್ಸ್‌ಟ್ರಾಕ್ಟ್ ಡೈಲಾಗ್‌ನಲ್ಲಿದೆ, ಹೆಸರು ‘ಡಿಸ್ಪ್ಲೇ ಫೈಲ್ಸ್ ಇನ್ ಎಕ್ಸ್‌ಪ್ಲೋರರ್’. ಕೋರಿಕೆಯಲ್ಲಿ ಅದನ್ನೇ ಮಾದರಿಯಾಗಿ ತೋರಿಸಿ. ಸೋರ್ಸ್‌ಫೋರ್ಜ್‌ನ 7-ಜಿಪ್ ಪುಟದಲ್ಲಿ ‘ಫೀಚರ್ ರಿಕ್ವೆಸ್ಟ್ಸ್’ ವಿಭಾಗವಿದೆ. ಮೊದಲು ಹುಡುಕಿ, ಅದೇ ಕೋರಿಕೆ ಇದ್ದರೆ ಅದರಡಿಯಲ್ಲೇ ಬರೆಯಿರಿ. ಇಲ್ಲವಾದರೆ ಕಾಲಂಗೊಂದು, ಫೋಲ್ಡರ್ ತೆರೆಯುವುದಕ್ಕೊಂದು ಬೇರೆಬೇರೆ ಹಾಕಿ. ಐದನ್ನೂ ಒಂದರಲ್ಲೇ ತುರುಕಿದರೆ ಯಾವುದು ಮುಗಿಯಿತು, ಯಾವುದು ಉಳಿಯಿತು ಎಂದು ಯಾರಿಗೂ ಗುರುತು ಸಿಗುವುದಿಲ್ಲ. ಹತ್ತು ಆರ್ಕೈವ್ ಒಟ್ಟಿಗೆ ಆಯ್ದು ಬಿಚ್ಚಿದಾಗ ಹತ್ತು ವಿಂಡೋ ತೆರೆಯಬೇಕೋ, ಮೇಲಿನ ಫೋಲ್ಡರ್ ಒಂದೇ ಸಾಕೋ ಎಂಬುದನ್ನೂ ನೀವೇ ಬರೆದುಬಿಡಿ. ಎದುರಿಗೆ ಮೊದಲು ಬರುವ ಪ್ರಶ್ನೆ ಅದೇ.