ಕ್ರಾಕೋವ್‌ನಿಂದ ಆಶ್‌ವಿಟ್ಜ್: ಅರ್ಧ ದಿನ ಸಾಕಾಗುತ್ತಾ?

ಮ್ಯೂನಿಕ್_ಕನ್ನಡತಿ
ಸೆಪ್ಟೆಂಬರ್‌ನಲ್ಲಿ ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಎರಡು ದಿನ ಇರ್ತೀವಿ. ಊರಿಂದ ಬರುವ ಅಪ್ಪ (70), ಅಮ್ಮ (66), ನಾವಿಬ್ಬರು, 11 ವರ್ಷದ ಮಗ. ನಾಜಿಗಳ ಕೊಲೆ ಶಿಬಿರ ಇದ್ದ ಆಶ್‌ವಿಟ್ಜ್ ನೋಡಲೇಬೇಕು ಅಂತಾರೆ ಅಪ್ಪ. ಬೆಳಗ್ಗೆ ಆಶ್‌ವಿಟ್ಜ್, ಮಧ್ಯಾಹ್ನ ವಿಯೆಲಿಚ್ಕಾ ಉಪ್ಪಿನ ಗಣಿ, ಎರಡನ್ನೂ ಒಂದೇ ದಿನದಲ್ಲಿ ತೋರಿಸುವ ಪ್ಯಾಕೇಜ್ ಸಿಗ್ತಿದೆ. ಸರಿಹೋಗುತ್ತಾ? ಟಿಕೆಟ್ ಹೇಗೆ? ಎಷ್ಟು ನಡೀಬೇಕು? ಮಗನ್ನ ಕರ್ಕೊಂಡು ಹೋಗಬಹುದಾ?

ಊರೂರು_ಅಲೆಮಾರಿ
ಆ ಪ್ಯಾಕೇಜ್ ದಯವಿಟ್ಟು ಬೇಡ ಮೇಡಂ. ಕ್ರಾಕೋವ್‌ನಿಂದ ಸುಮಾರು 65 ಕಿ.ಮೀ., ಬಸ್ಸಲ್ಲಿ ಹೆಚ್ಚೂಕಡಿಮೆ ಒಂದೂವರೆ ಗಂಟೆ. ಗೈಡ್ ಜೊತೆಗಿನ ಸಾಮಾನ್ಯ ಸುತ್ತೇ ಮೂರೂವರೆ ಗಂಟೆ. ಹೋಗಿಬರುವುದು ಸೇರಿದರೆ ಆರೂವರೆ ಏಳು ಗಂಟೆ ಅಲ್ಲಿಗೇ ಮುಗಿಯಿತು. ಇನ್ನು ಗಣಿಗೆ ಇಳಿಯೋಕೇ ಶುರುವಿನಲ್ಲಿ 380 ಮೆಟ್ಟಿಲು, ಒಟ್ಟು 800ರ ಹತ್ತಿರ. 70ರ ಮಂಡಿಗೆ ಅದೇ ದಿನ ಇದು ಬೇಡ.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆಶ್‌ವಿಟ್ಜ್ ಅಂದರೆ ಎರಡು ಜಾಗ. ಮೊದಲನೆಯದು ಇಟ್ಟಿಗೆ ಕಟ್ಟಡಗಳ ಹಳೇ ಬ್ಯಾರಕ್ಕು, ಪ್ರದರ್ಶನಗಳೆಲ್ಲ ಇರುವುದು ಅಲ್ಲಿ. ಮೂರು ಕಿ.ಮೀ. ಆಚೆ ಬಿರ್ಕೆನಾವ್. ಆಶ್‌ವಿಟ್ಜ್‌ನಲ್ಲಿ ಒಟ್ಟು ಸತ್ತ ಸುಮಾರು 11 ಲಕ್ಷ ಜನರಲ್ಲಿ 10 ಲಕ್ಷದಷ್ಟು ಯೆಹೂದಿಗಳು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬಿರ್ಕೆನಾವ್‌ನಲ್ಲಿ. ಗಡಿಬಿಡಿಯ ಪ್ರವಾಸಗಳಲ್ಲಿ ಸಮಯಕ್ಕೆ ಕತ್ತರಿ ಬೀಳುವುದೂ ಅಲ್ಲೇ. ಅರ್ಧ ಗಂಟೆ ನಿಂತು, ಗೇಟಿನ ಫೋಟೋ ತೆಗೆದು ಹೊರಟರೆ ಆ ಜಾಗ ಏನೆಂದೇ ಗೊತ್ತಾಗಲ್ಲ.

ಪ್ರವೇಶ ಉಚಿತ, ಗೈಡ್ ಸುತ್ತಿಗೆ ಮಾತ್ರ ಶುಲ್ಕ. ಆದರೆ ಸಮಯ ನಮೂದಾದ ಪಾಸ್ ಬೇಕೇ ಬೇಕು. ಮ್ಯೂಸಿಯಂನ ಸ್ವಂತ ಬುಕಿಂಗ್ ಪುಟದಲ್ಲೇ ಎರಡು ಮೂರು ತಿಂಗಳು ಮೊದಲು ತಗೊಳ್ಳಿ, ಇಂಗ್ಲಿಷ್ ಸುತ್ತುಗಳು ಬೇಗ ತುಂಬುತ್ತವೆ. ಪಾಸಿನ ಮೇಲೆ ಹೆಸರಿರುತ್ತೆ, ಬಾಗಿಲಲ್ಲಿ ಗುರುತಿನ ಚೀಟಿ ನೋಡ್ತಾರೆ. ನಮ್ಮವರು ಎಡವೋದು ಇಲ್ಲೇ: ಟಿಕೆಟ್ಟಿಗೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಪೂರ್ತಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ತುಂಬಿಸಿ. ಬ್ಯಾಗು ಸಣ್ಣದಿರಲಿ, ದೊಡ್ಡ ಬೆನ್ನಚೀಲ ಒಳಗೆ ಬಿಡಲ್ಲ, ಲಗೇಜ್ ಕೊಠಡಿಯಲ್ಲಿ ದುಡ್ಡು ಕೊಟ್ಟು ಇಡಬೇಕಾಗುತ್ತೆ. ತಪಾಸಣೆ ಇರುವುದರಿಂದ ಅರ್ಧ ಗಂಟೆ ಮೊದಲೇ ತಲುಪಿ. ಜನವರಿ 1, ಡಿಸೆಂಬರ್ 25, ಈಸ್ಟರ್ ಭಾನುವಾರ ಮುಚ್ಚಿರುತ್ತೆ.

ರೈಲಿಗಿಂತ ಬಸ್ ವಾಸಿ. ಓಶ್ವಿಯೆಂಚಿಮ್ (ಆಶ್‌ವಿಟ್ಜ್ ಊರಿನ ಪೋಲಿಷ್ ಹೆಸರು) ರೈಲು ನಿಲ್ದಾಣದಿಂದ ಮ್ಯೂಸಿಯಂಗೆ ಸುಮಾರು 2 ಕಿ.ಮೀ. ದೂರ, ಬಸ್ಸು ಹತ್ತಿರದಲ್ಲೇ ಇಳಿಸುತ್ತೆ.

ಕಾವೇರಿ_ತೀರ
ಹಿರಿಯರ ನಡಿಗೆಯ ಬಗ್ಗೆ. ಮೊದಲ ಜಾಗದಲ್ಲಿ ನೆಲ ಏರುತಗ್ಗು, ಪ್ರತಿ ಬ್ಲಾಕಿನಲ್ಲೂ ಮೆಟ್ಟಿಲು ಹತ್ತಿ ಇಳಿಯಬೇಕು. ಆ ಮೆಟ್ಟಿಲುಗಳು ಎಷ್ಟೋ ಜನ ತುಳಿದು ನಡುವೆ ಸವೆದು ಗುಳಿಬಿದ್ದಿವೆ, ಅಂಚು ಹಿಡಿದು ಇಳಿಯಲಿ. ಹೊಸ ಚಪ್ಪಲಿ ಬೇಡ, ಪಳಗಿದ ಶೂ ಇರಲಿ.

ಎರಡರ ನಡುವೆ ಉಚಿತ ಬಸ್ ಓಡಾಡುತ್ತೆ. ಬಿರ್ಕೆನಾವ್‌ನಲ್ಲಿ ಗೇಟಿನಿಂದ ರೈಲು ಹಳಿಯ ಗುಂಟ ಸ್ಮಾರಕದವರೆಗೆ ಹತ್ತಿರತ್ತಿರ 1 ಕಿ.ಮೀ., ವಾಪಸ್ಸೂ ಅಷ್ಟೇ. ನೆರಳಿಲ್ಲ, ಗಾಳಿ ಜೋರು, ಮಳೆ ಬಂದರೆ ಕೆಸರು. ಟೋಪಿ, ತೆಳು ರೈನ್‌ಕೋಟ್, ನೀರು ಜೊತೆಗಿರಲಿ. ಒಳಗೆ ತಿನ್ನುವ ಹಾಗಿಲ್ಲ. ಚಪಾತಿ ಪಲ್ಯ ಕಟ್ಟಿಕೊಂಡರೆ ಹೊರಗೇ ಮುಗಿಸಿ. ಗೇಟಿನ ಬಳಿ ಶೌಚಕ್ಕೆ ಹೋಗಿಯೇ ಒಳಗೆ ನಡೆಯಿರಿ.

ಸ್ಮಾರಕದ ಎರಡು ಬದಿಗೆ ಕುಸಿದ ಕಾಂಕ್ರೀಟ್ ರಾಶಿ ಇದೆಯಲ್ಲ, ಅವು 2 ಮತ್ತು 3ನೇ ಕ್ರೆಮಟೋರಿಯಂಗಳು, ಅಂದರೆ ಹೆಣ ಸುಡುತ್ತಿದ್ದ ಕಟ್ಟಡಗಳು. ಸಾಕ್ಷ್ಯ ಉಳಿಯಬಾರದೆಂದು ಶಿಬಿರ ನಡೆಸುತ್ತಿದ್ದ ನಾಜಿ ಪಡೆ ಎಸ್‌ಎಸ್‌ನವರೇ 1945ರ ಜನವರಿಯಲ್ಲಿ ಸಿಡಿಸಿದರು. 27ರಂದು ಸೋವಿಯತ್ ಸೇನೆ ಬಂತು. ಆ ರಾಶಿಯ ಮೇಲೆ ಹತ್ತಬಾರದು.

ಇತಿಹಾಸ_ಓದುಗಿ
14 ವರ್ಷದೊಳಗಿನ ಮಕ್ಕಳಿಗೆ ಬೇಡ ಅನ್ನುವುದು ಮ್ಯೂಸಿಯಂನದೇ ಸಲಹೆ. ತಡೆಯಲ್ಲ, ಆದರೂ 11ಕ್ಕೆ ನಾನು ಬೇಡ ಅಂತೀನಿ. ನಿಮ್ಮಲ್ಲೊಬ್ಬರು ಮಗನ ಜೊತೆ ಕ್ರಾಕೋವ್‌ನ ಪೊದ್ಗುಜೆ ಕಡೆ ಹೋಗಿ. 1943ರ ಮಾರ್ಚ್‌ನಲ್ಲಿ ಖಾಲಿ ಮಾಡಿಸಿದ ಘೆಟ್ಟೋ, ಅಂದರೆ ಯೆಹೂದಿಗಳನ್ನು ಕೂಡಿಹಾಕಿದ್ದ ಬಡಾವಣೆ, ಇದ್ದದ್ದು ಅಲ್ಲೇ. ಚೌಕದ ತುಂಬ ಲೋಹದ ಖಾಲಿ ಕುರ್ಚಿಗಳು, ಮೂಲೆಯಲ್ಲಿ ತಾದೆಉಷ್ ಪಾಂಕಿಯೆವಿಚ್ ಘೆಟ್ಟೋದೊಳಗೇ ನಡೆಸುತ್ತಿದ್ದ ಔಷಧಿ ಅಂಗಡಿ, ಈಗ ಪುಟ್ಟ ಮ್ಯೂಸಿಯಂ. ಮಗ ಪ್ರಶ್ನೆ ಕೇಳೋಕೆ ಅಲ್ಲಿ ಜಾಗವೂ ಇದೆ, ಬಿಡುವೂ ಇದೆ.

ಹೋಗುವವರು 5ನೇ ಬ್ಲಾಕಿನ ಸೂಟ್‌ಕೇಸ್‌ಗಳ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲಿ. ಬಿಳಿ ಬಣ್ಣದಲ್ಲಿ ದಪ್ಪಗೆ ಹೆಸರು, ಕೆಲವದರ ಮೇಲೆ ಹುಟ್ಟಿದ ದಿನ, ಊರು. ಸಾಮಾನು ವಾಪಸ್ ಸಿಗುತ್ತೆ ಅಂತ ನಂಬಿ ಬರೆದದ್ದು. 27ನೇ ಬ್ಲಾಕಿನ ಹೆಸರುಗಳ ಪುಸ್ತಕದಲ್ಲಿ, ಇಲ್ಲಿ ಮಾತ್ರವಲ್ಲ, ಎಲ್ಲ ಕಡೆ ನಾಜಿಗಳಿಗೆ ಬಲಿಯಾದ ಯೆಹೂದಿಗಳ 40 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಹಾಳೆ ತಿರುವಿ ನೋಡಬಹುದು. ಗೈಡ್ ಸುತ್ತಿನಲ್ಲಿ ಅದು ತಪ್ಪಿಹೋದರೆ ಆಮೇಲೆ ಹೋಗಬಹುದಾ ಅಂತ ಗೈಡನ್ನೇ ಕೇಳಿ. 4ನೇ ಬ್ಲಾಕಿನಲ್ಲಿ ಕೂದಲು ಇಟ್ಟಿರುವ ಕೋಣೆ, 11ನೇ ಬ್ಲಾಕಿನ ನೆಲಮಾಳಿಗೆ, ಈ ಎರಡರಲ್ಲಿ ಫೋಟೋ ನಿಷೇಧ. ಬೇರೆ ಕಡೆ ಫ್ಲ್ಯಾಶ್ ಇಲ್ಲದೆ ತೆಗೀಬಹುದು. ಹಳಿಯ ಮೇಲೆ ನಿಂತು ಪೋಸ್ ಕೊಡಬೇಡಿ.

ಮ್ಯೂನಿಕ್_ಕನ್ನಡತಿ
ತುಂಬ ಉಪಕಾರ ಆಯ್ತು. ಗಣಿ ಬಿಟ್ವಿ. ಅಮ್ಮನಿಗೆ ಅಷ್ಟು ನಡೆಯೋಕೆ ಆಗದಿದ್ದರೆ ನಮ್ಮ ಮ್ಯೂನಿಕ್ ಮನೆ ಹತ್ತಿರದ ನಾಜಿ ಶಿಬಿರ ಡಾಖಾವ್ ಸಾಕಾ?

ಊರೂರು_ಅಲೆಮಾರಿ
ಅಮ್ಮನಿಗೆ ಡಾಖಾವ್ ಸುಲಭ. ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಎಸ್2 ರೈಲು, ಅಲ್ಲಿಂದ 726 ಬಸ್, ಪ್ರವೇಶ ಉಚಿತ, ಆಡಿಯೋ ಗೈಡ್ ಸಿಗುತ್ತೆ. ಆದರೆ ಒಂದರ ಬದಲು ಇನ್ನೊಂದಲ್ಲ. ಡಾಖಾವ್ 1933ರ ಮಾರ್ಚ್‌ನಲ್ಲಿ ಶುರುವಾದದ್ದು ರಾಜಕೀಯ ವಿರೋಧಿಗಳನ್ನು ಕೂಡಿಹಾಕೋಕೆ. 41,000ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಬಿರ್ಕೆನಾವ್‌ಗೆ ಬಹುಪಾಲು ಜನರನ್ನು ತಂದದ್ದೇ ಬಂದ ದಿನ ಕೊಲ್ಲೋಕೆ. ಈ ವ್ಯತ್ಯಾಸವನ್ನು ಅಪ್ಪನಿಗೆ ಮೊದಲೇ ಹೇಳಿಡಿ.

ಕಾವೇರಿ_ತೀರ
ಇನ್ನೊಂದು ಬಿಟ್ಟುಹೋಯ್ತು. ಅಪ್ಪ ಅಮ್ಮನ ಸರದಲ್ಲಿ, ಕೈಚೀಲದ ಮೇಲೆ ಸ್ವಸ್ತಿಕ ಇದ್ದರೆ ಆ ದಿನ ತೆಗೆದಿಡಿ. ನಮಗೆ ಅದು ಮಂಗಳ ಚಿಹ್ನೆ, ಸರಿ, ಅಲ್ಲಿಯವರಿಗೆ ನಾಜಿಗಳ ಗುರುತು. ಆದರೆ ಮನೆಮಂದಿಯನ್ನು ಕಳಕೊಂಡವರ ಮಕ್ಕಳು ಮೊಮ್ಮಕ್ಕಳೂ ಅದೇ ಸಾಲಿನಲ್ಲಿ ನಿಂತಿರ್ತಾರೆ, ವಿವರಿಸಿ ಹೇಳುವ ಸಂದರ್ಭ ಅದಲ್ಲ. ಹೋಟೆಲಿಂದ ಹೊರಡುವ ಮುಂಚೆಯೇ ನೋಡಿಕೊಳ್ಳಿ.